ಡೆಂಗಿ ಒಮ್ಮೆ ಬಂದರೆ ಮತ್ತೆ ಬರಲ್ಲ: ಈ ಮಾತು ಕಾಲುಭಾಗ ಮಾತ್ರ ನಿಜ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ಒಂದು ಸಣ್ಣ ಲ್ಯಾಬಿನಲ್ಲಿ 19 ವರ್ಷದಿಂದ ರಕ್ತ ಪರೀಕ್ಷೆ ಮಾಡುತ್ತಿದ್ದೇನೆ. ಮಳೆಗಾಲ ಶುರುವಾಯಿತೆಂದರೆ ನಮ್ಮ ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರಾದರೂ ಈ ಮಾತು ಹೇಳುತ್ತಾರೆ: "ನನಗೆ ಹೋದ ವರ್ಷನೇ ಡೆಂಗಿ ಬಂದು ಹೋಗೈತ್ರಿ, ಮತ್ತೆ ಬರಲ್ಲ ಬಿಡ್ರಿ." ಮಕ್ಕಳಿಗೆ ಅಮ್ಮ ಬಂದು ಹೋದ ಹಾಗೆ ಇದೂ ಒಂದೇ ಸಲ ಅಂದುಕೊಂಡಿರುತ್ತಾರೆ. ನಮ್ಮಕ್ಕನೂ ಹಾಗೇ ಅಂದುಕೊಂಡಿದ್ದಳು.

ಅವಳ ಮಗನಿಗೆ 2019ರಲ್ಲಿ ಡೆಂಗಿ ಬಂದಿತ್ತು. ನಾಲ್ಕು ದಿನ ಜ್ವರ, ಮೈಕೈ ನೋವು, ಆಮೇಲೆ ಹುಡುಗ ಆಟಕ್ಕೆ ಹೋದ. 2024ರ ಜುಲೈನಲ್ಲಿ ಮತ್ತೆ ಜ್ವರ ಬಂದಾಗ ಡೆಂಗಿ ಯಾರ ತಲೆಗೂ ಬರಲಿಲ್ಲ. ನಾಲ್ಕನೇ ದಿನ ನಾನೇ ಕಾರ್ಡ್ ಟೆಸ್ಟ್ ಹಾಕಿದೆ. ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ ಅದು. ಒಂದು ಹನಿ ಸೀರಮ್ ಬಿಟ್ಟು, ಬಫರ್ ಹಾಕಿ, ಗಡಿಯಾರ ನೋಡುತ್ತಾ ಕೂರಬೇಕು. 'ಎಂ' ಎದುರು ತೆಳ್ಳನೆಯ ಗೆರೆ ಮೂಡಿತು. 'ಜಿ' ಎದುರು ಮಾತ್ರ ಕಾಡಿಗೆ ತೀಡಿದ ಹಾಗೆ ದಟ್ಟವಾದ ಗೆರೆ.

ಎಂ ಅಂದರೆ ಐಜಿಎಂ, ಹೊಸ ಸೋಂಕಿಗೆ ಮೊದಲು ಹುಟ್ಟುವ ಆ್ಯಂಟಿಬಾಡಿ, ಅಂದರೆ ಪ್ರತಿಕಾಯ. ಜಿ ಅಂದರೆ ಐಜಿಜಿ. ಮೊದಲ ಸಲದ ಡೆಂಗಿಯಾದರೆ ಇದು ಸಾಮಾನ್ಯವಾಗಿ ವಾರ ಕಳೆದ ಮೇಲೆ ಏರುತ್ತದೆ. ನಾಲ್ಕನೇ ದಿನಕ್ಕೇ ಇಷ್ಟು ದಟ್ಟವಾಗಿ ಬಂತೆಂದರೆ ಮೈಗೆ ಈ ವೈರಸ್ಸಿನ ಗುರುತು ಮೊದಲೇ ಇತ್ತು, ಇದು ಎರಡನೇ ಸುತ್ತು ಇರಬಹುದು ಅಂತ ಲೆಕ್ಕ.

ಮರುದಿನ ಜ್ವರ ಇಳಿಯಿತು. ತೋರಿಸಿದ್ದ ಖಾಸಗಿ ಆಸ್ಪತ್ರೆಯಲ್ಲಿ "ಜ್ವರ ಬಿಟ್ಟಿದೆ, ಕರ್ಕೊಂಡು ಹೋಗಿ" ಅಂದರು. ಜಿ ಗೆರೆಯ ಬಗ್ಗೆ ಯಾರೂ ಕೇಳಲಿಲ್ಲ. ಸಂಜೆಗೆ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಕೈಕಾಲು ತಣ್ಣಗೆ. 41 ಇದ್ದ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, 52ಕ್ಕೆ ಏರಿತ್ತು. ರಕ್ತನಾಳದಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತಿದೆ ಅಂತ ಅದರ ಅರ್ಥ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿನ ಒಂದೆರಡು ದಿನವೇ ಜಾಸ್ತಿ ಅಪಾಯ. ಬೇರೆ ಕಡೆ ಸೇರಿಸಿ ಮೂರು ದಿನ ಡ್ರಿಪ್ ಹಾಕಿಸಿದೆವು. ಹುಡುಗ ಉಳಿದ.

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆ ಬಂದು ಹೋದರೆ ಅದರ ಆ್ಯಂಟಿಬಾಡಿ ಬಹುಮಟ್ಟಿಗೆ ಬದುಕಿರೋವರೆಗೂ ಆ ಬಗೆಯನ್ನು ತಡೆಯುತ್ತದೆ. ಉಳಿದ ಮೂರರಿಂದಲೂ ಕೆಲವು ತಿಂಗಳು ರಕ್ಷಣೆ ಸಿಗುತ್ತದೆ. ಆಮೇಲೆ ಅದು ಇಳಿಯುತ್ತಾ ಬರುತ್ತದೆ. ಅಷ್ಟರಲ್ಲಿ ಬೇರೆ ಬಗೆ ಬಂದರೆ ಹಳೇ ಆ್ಯಂಟಿಬಾಡಿ ಅದಕ್ಕೆ ಅಂಟಿಕೊಳ್ಳುತ್ತದೆ, ಆದರೆ ಕೊಲ್ಲುವಷ್ಟು ಬಿಗಿಯಾಗಿ ಅಲ್ಲ. ನಮ್ಮ ಕೆಲವು ರಕ್ತಕಣಗಳು ಆ್ಯಂಟಿಬಾಡಿ ಅಂಟಿದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತವೆ. ವೈರಸ್ಸು ಹಾಗೇ ಒಳಗೆ ಹೋಗಿ ಮರಿ ಹಾಕುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇದು ಬರೀ ಲ್ಯಾಬಿನ ಮಾತಲ್ಲ. ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆ ಹರಡಿತು, ಹೆಚ್ಚು ಹಾನಿ ಆಗಲಿಲ್ಲ. 1981ರಲ್ಲಿ ಎರಡನೇ ಬಗೆ ಬಂತು. 3,44,203 ಪ್ರಕರಣ, 158 ಸಾವು, ಅದರಲ್ಲಿ 101 ಮಕ್ಕಳು. 1997ರಲ್ಲಿ ಅಲ್ಲಿನ ಸಾಂಟಿಯಾಗೊದಲ್ಲಿ ಎರಡನೇ ಬಗೆ ಮತ್ತೆ ಕಾಣಿಸಿದಾಗ ಕೆಟ್ಟದಾಗಿ ನರಳಿದವರು ದೊಡ್ಡವರೇ, 20 ವರ್ಷದ ಹಿಂದೆ ಒಂದನೇ ಬಗೆ ತಗುಲಿದ್ದವರು. ಫಿಲಿಪ್ಪೀನ್ಸ್‌ನಲ್ಲಿ 2016ರಲ್ಲಿ ಶಾಲಾ ಮಕ್ಕಳಿಗೆ ಡೆಂಗಿ ಲಸಿಕೆ ಹಾಕತೊಡಗಿದರು. ಮೊದಲು ಡೆಂಗಿ ಬಂದೇ ಇಲ್ಲದೆ ಲಸಿಕೆ ಹಾಕಿಸಿಕೊಂಡ ಮಕ್ಕಳಿಗೆ ಮುಂದೆ ಸೋಂಕು ತಗುಲಿದರೆ ತೀವ್ರವಾಗುವ ಅಪಾಯವಿದೆ ಅಂತ 2017ರಲ್ಲಿ ಅದನ್ನು ತಯಾರಿಸಿದ ಕಂಪನಿಯೇ ಹೇಳಿತು. ಲಸಿಕೆಯೇ ಅವರಿಗೆ ಮೊದಲ ಸುತ್ತಿನ ಹಾಗೆ ಆಗಿರಬಹುದು ಅಂತ ಲೆಕ್ಕ. ಕಾರ್ಯಕ್ರಮ ನಿಂತಿತು.

ಸುಮ್ನೆ ಹೆದರಿಸಲು ಬರೆಯುತ್ತಿಲ್ಲ. ಎರಡನೇ ಸಲ ಬಂದವರಲ್ಲೂ ಬಹಳ ಜನ ಆರಾಮಾಗಿಯೇ ಏಳುತ್ತಾರೆ. ಮೊದಲ ಸಲವೇ ಕೆಲವರಿಗೆ ಜೋರಾಗುವುದೂ ಉಂಟು. ಎಷ್ಟೋ ಜನರಿಗೆ ಮೊದಲನೇದು ಬಂದು ಹೋದದ್ದೇ ಗೊತ್ತಿರುವುದಿಲ್ಲ.

ನನ್ನ ತಕರಾರು ಬೇರೆ. ನಮ್ಮಲ್ಲಿ ಎಲ್ಲರ ಕಣ್ಣೂ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮೇಲೆಯೇ. ಅದನ್ನು 'ಬಿಳಿ ರಕ್ತಕಣ' ಅಂತ ಬೇರೆ ಕರೆಯುತ್ತಾರೆ. ಅದೇ ಬೇರೆ, ಇದೇ ಬೇರೆ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಪಪ್ಪಾಯಿ ಎಲೆ ಅರೆದು ಕುಡಿಸುವವರೂ ಪಿಸಿವಿ ಎಷ್ಟಿದೆ ಅಂತ ಕೇಳುವುದಿಲ್ಲ. ಪತ್ರಿಕೆಗಳಲ್ಲೂ ಎಷ್ಟು ಪ್ರಕರಣ, ಎಷ್ಟು ಸಾವು, ಅಷ್ಟೇ ಅಲ್ವಾ? ತಾವು ಡೆಂಗಿ ಸುದ್ದಿ ಹಾಕುವಾಗ ಪಕ್ಕದಲ್ಲಿ ಒಂದು ಸಣ್ಣ ಚೌಕ ಬಿಟ್ಟು ಇಷ್ಟನ್ನು ಬರೆಯಿರಿ: ಮೊದಲು ಡೆಂಗಿ ಬಂದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ, ಹಳೇ ರಿಪೋರ್ಟ್ ಎಸೆಯಬೇಡಿ, ಜ್ವರ ಬಿಟ್ಟ ಮೇಲೂ ಎರಡು ದಿನ ನಿಗಾ ಇಡಿ.

ನಮ್ಮಕ್ಕ ಈಗ ಮಗನ ಎರಡೂ ರಿಪೋರ್ಟುಗಳನ್ನು ರೇಷನ್ ಕಾರ್ಡಿನ ಜೊತೆ ಒಂದೇ ಕವರಿನಲ್ಲಿ ಇಟ್ಟಿದ್ದಾಳೆ.

– ಒಬ್ಬ ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ