ಜೆಟ್ ಎಂಜಿನ್ ಸ್ಟಾರ್ಟರ್‌ಗಳನ್ನು ಕೊಡುವ ಕ್ರಮದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮೈಸೂರು

ಮಾನ್ಯ ಗ್ರಾಹಕರೇ,

ನಮಸ್ಕಾರ. ಹಳೆಯ ಜೆಟ್ ಎಂಜಿನ್‌ಗಳಿಗೆ ನಮ್ಮ ಕಾರ್ಯಾಗಾರ ಹೊಂದಿಸಿಕೊಡುವ ಸ್ಟಾರ್ಟರ್‌ಗಳ ವಿಷಯದಲ್ಲಿ ಮುಂದಿನ ತಿಂಗಳಿನಿಂದ ಒಂದು ಬದಲಾವಣೆ ಜಾರಿಗೆ ಬರುತ್ತಿದೆ. ಲಾರಿ ಅಥವಾ ಟ್ರ್ಯಾಕ್ಟರಿನ ಸ್ಟಾರ್ಟರ್ ಮೋಟಾರಿನ ಮೂತಿ ಕತ್ತರಿಸಿ, ಎಂಜಿನ್ನಿನ ಶಾಫ್ಟಿಗೆ ನೇರವಾಗಿ ಕೂರಿಸುವ ಅಡಾಪ್ಟರನ್ನು ಇನ್ನು ಮುಂದೆ ಬಿಡಿಯಾಗಿ ಮಾಡಿಕೊಡುವುದಿಲ್ಲ. ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್, ವೇಗ ನೋಡಿ ತಾನಾಗಿಯೇ ಕರೆಂಟು ಕಡಿಯುವ ರಿಲೇ, ಎರಡು ಹಂತಗಳಲ್ಲಿ ವೋಲ್ಟೇಜ್ ಕೊಡುವ ಸ್ವಿಚ್ ಪೆಟ್ಟಿಗೆ ಇವು ಮೂರೂ ಸೇರಿದ ಸೆಟ್ ಮಾತ್ರ ಸಿಗುತ್ತದೆ. ಬೆಲೆ ಹೆಚ್ಚಾಗುತ್ತದೆ, ಕಾಯುವ ದಿನಗಳೂ ಹೆಚ್ಚುತ್ತವೆ. ಹಾಗಾಗಿ ಕಾರಣವನ್ನು ನಿಮಗೆ ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯ.

ಜಾವಾ ಬೈಕುಗಳ ಡೈನಮೋ ಸುತ್ತುತ್ತಿದ್ದ ಕಾಲದಿಂದಲೂ ವೈಂಡಿಂಗ್ ನಮ್ಮ ಕಸುಬು. ಇಂದಿಗೂ ನಮ್ಮ ಮೇಜಿನ ಮೇಲೆ ಹೆಚ್ಚಾಗಿ ಇರುವುದು ಮಂಡ್ಯ, ಪಾಂಡವಪುರ, ಮದ್ದೂರಿನ ಕಡೆಯಿಂದ ಬರುವ ಕಬ್ಬಿನ ಟ್ರ್ಯಾಕ್ಟರುಗಳ ಸ್ಟಾರ್ಟರ್‌ಗಳೇ. ಜೆಟ್ ಎಂಜಿನ್ನಿನ ಕೆಲಸ ಮೊದಲು ಬಂದದ್ದು ಕಾಲೇಜುಗಳಿಂದ. ಅಲ್ಲಿ ಎಂಜಿನ್ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಇರುತ್ತಿತ್ತು. ಪಕ್ಕದಲ್ಲಿ ಅನುಭವವಿರುವ ಮೇಷ್ಟ್ರು ಇರುತ್ತಿದ್ದರು, ಮೀಟರುಗಳೆಲ್ಲ ಇರುತ್ತಿದ್ದವು. ನಮ್ಮಿಂದ ಅಡಾಪ್ಟರ್ ಒಯ್ದು ಮಿಕ್ಕಿದ್ದನ್ನು ಅವರೇ ಮಾಡಿಕೊಳ್ಳುತ್ತಿದ್ದರು. ಈಗ ಬರುವವರಲ್ಲಿ ಹೆಚ್ಚಿನವರು ಹರಾಜಿನಲ್ಲಿ ಸಣ್ಣ ಟರ್ಬೈನ್ ಎಂಜಿನ್ ಕೊಂಡು ಮನೆಯ ಹಿಂದಿನ ಷೆಡ್ಡಿನಲ್ಲೋ ತೋಟದ ಮನೆಯಲ್ಲೋ ಅದಕ್ಕೆ ಮತ್ತೆ ಜೀವ ಕೊಡಲು ಹೊರಟ ಉತ್ಸಾಹಿಗಳು. ಈ ಉತ್ಸಾಹವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಗುಜರಿಗೆ ಹೋಗಬೇಕಾಗಿದ್ದ ಯಂತ್ರವೊಂದು ಮತ್ತೆ ಉಸಿರಾಡುವುದನ್ನು ನೋಡುವ ಸಂತೋಷ ನಮಗೂ ಗೊತ್ತು. ಆದರೆ ಮೀಟರುಗಳಾಗಲಿ ಮೇಷ್ಟ್ರಾಗಲಿ ಇಲ್ಲದ ಕಡೆಗೆ ಬರೀ ಅಡಾಪ್ಟರ್ ಕಳಿಸಲು ನಮ್ಮ ಮನಸ್ಸು ಒಪ್ಪುತ್ತಿಲ್ಲ.

ಡೀಸೆಲ್ ಎಂಜಿನ್ನಿಗೆ ಸ್ಟಾರ್ಟರ್ ಕೊಡಬೇಕಾದದ್ದು ಒಂದು ಗಟ್ಟಿ ನೂಕು ಮಾತ್ರ. ಕ್ರ್ಯಾಂಕ್ ನಿಮಿಷಕ್ಕೆ 200 ಸುತ್ತಿನ ಆಸುಪಾಸು ತಿರುಗಿದರೆ ಸಾಕು, ನಾಲ್ಕೈದು ಸೆಕೆಂಡಿನಲ್ಲಿ ಎಂಜಿನ್ ಹಿಡಿದುಕೊಂಡು ತಾನೇ ಓಡುತ್ತದೆ, ಪಿನಿಯನ್ (ಸ್ಟಾರ್ಟರಿನ ತುದಿಯ ಸಣ್ಣ ಗೇರ್) ಹಿಂದೆ ಸರಿಯುತ್ತದೆ. ಲಾರಿ ಸ್ಟಾರ್ಟರಿನ ವೈಂಡಿಂಗ್, ಬ್ರಷ್, ಬುಷ್ ಎಲ್ಲವನ್ನೂ ಲೆಕ್ಕ ಹಾಕಿರುವುದು ಈ ಕೆಲವು ಸೆಕೆಂಡುಗಳಿಗೇ. ಜೆಟ್ ಎಂಜಿನ್ನಿನಲ್ಲಿ ಹಾಗಲ್ಲ. ಮೊದಲು ರೋಟರನ್ನು, ಅಂದರೆ ಒಳಗೆ ತಿರುಗುವ ಭಾಗವನ್ನು, ಅದರ ಪೂರ್ಣ ವೇಗದ ಶೇ. 10ರಿಂದ 20ರವರೆಗೆ ಏರಿಸಬೇಕು. ಆಗ ಇಗ್ನಿಷನ್ ಕೊಟ್ಟು ಇಂಧನ ಬಿಡುತ್ತೇವೆ. ಬೆಂಕಿ ಹತ್ತಿತೆಂದು ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಟರ್ಬೈನ್ (ಬಿಸಿ ಅನಿಲ ತಿರುಗಿಸುವ ಚಕ್ರ) ತನ್ನ ಕಂಪ್ರೆಸರನ್ನು (ಗಾಳಿಯನ್ನು ಒತ್ತುವ ಚಕ್ರವನ್ನು) ತಾನೇ ತಿರುಗಿಸಿಕೊಳ್ಳುವ ಶಕ್ತಿ ಪಡೆಯುವವರೆಗೂ ಸ್ಟಾರ್ಟರ್ ಜೊತೆಯಲ್ಲೇ ನೂಕುತ್ತಿರಬೇಕು. ಇದಕ್ಕೆ ಅರ್ಧ ನಿಮಿಷದಷ್ಟು ಹೊತ್ತು ಬೇಕಾಗಬಹುದು.

ತೊಡಕಿರುವುದು ಇಲ್ಲಿಯೇ. ಗಾಳಿಯನ್ನು ಒತ್ತುವ ಚಕ್ರದ ವೇಗ ಎರಡರಷ್ಟಾದರೆ ಅದನ್ನು ತಿರುಗಿಸಲು ಬೇಕಾದ ಬಲ ನಾಲ್ಕರಷ್ಟಾಗುತ್ತದೆ, ಶಕ್ತಿ ಎಂಟರಷ್ಟಾಗುತ್ತದೆ. ಲಾರಿಯ ಸ್ಟಾರ್ಟರ್ ಸೀರೀಸ್ ಮೋಟಾರ್. ನಿಂತಲ್ಲಿಂದ ಎಳೆಯುವಾಗ ಅದಕ್ಕೆ ಆನೆಬಲ, ವೇಗ ಏರಿದಂತೆಲ್ಲ ಬಲ ಕುಗ್ಗುತ್ತದೆ. ಎಂಜಿನ್ನಿಗೆ ಹೆಚ್ಚು ಬೇಕಾದ ಹೊತ್ತಿನಲ್ಲಿ ಸ್ಟಾರ್ಟರಿನ ಕೈಯಲ್ಲಿ ಉಳಿದಿರುವುದು ಕಡಿಮೆ. ಹೀಗೆ ನಡುದಾರಿಯಲ್ಲಿ ಕೈಬಿಟ್ಟರೆ ವೇಗ ಒಂದು ಕಡೆ ನಿಂತುಬಿಡುತ್ತದೆ. ಒಳಗೆ ಇಂಧನ ಉರಿಯುತ್ತಿರುತ್ತದೆ, ತಂಪು ಮಾಡುವಷ್ಟು ಗಾಳಿ ಬರುತ್ತಿರುವುದಿಲ್ಲ. ಹೊರಬೀಳುವ ಅನಿಲದ ಉಷ್ಣತೆ ಸರ್ರನೆ ಏರುತ್ತದೆ, ಟರ್ಬೈನ್ ಎಲೆಗಳು ಸುಡುತ್ತವೆ. ದುರ್ಬಲ ಸ್ಟಾರ್ಟರ್‌ನಿಂದ ಎಂಜಿನ್ ಶುರುವಾಗದೆ ಇರುವುದು ಸಣ್ಣ ನಷ್ಟ. ಅರ್ಧ ಶುರುವಾಗಿ ನಿಲ್ಲುವುದೇ ದೊಡ್ಡ ನಷ್ಟ.

ಇದಕ್ಕೆ ಹಲವರು ಕಂಡುಕೊಂಡ ಉಪಾಯವೆಂದರೆ 12 ವೋಲ್ಟಿನ ಸ್ಟಾರ್ಟರಿಗೆ 24 ವೋಲ್ಟ್ ಕೊಡುವುದು. ಉಪಾಯ ತಪ್ಪೇನಲ್ಲ, ಮೋಟಾರಿನ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ಮೊದಲ ಕ್ಷಣದಲ್ಲೇ ಪೂರ್ತಿ 24 ವೋಲ್ಟ್ ಬಿದ್ದರೆ ಸ್ಪ್ಲೈನಿನ (ಶಾಫ್ಟುಗಳನ್ನು ಒಂದಕ್ಕೊಂದು ಜೋಡಿಸುವ ಹಲ್ಲುಸಾಲಿನ) ಹಲ್ಲುಗಳಿಗೆ ಸುತ್ತಿಗೆಯ ಪೆಟ್ಟು ಬಿದ್ದಂತೆ. ವಿಮಾನದ ಸ್ಟಾರ್ಟರ್ ಶಾಫ್ಟುಗಳಲ್ಲಿ ಬೇಕೆಂದೇ ಒಂದು ಕಡೆ ಕುತ್ತಿಗೆ ಸಣ್ಣದು ಮಾಡಿರುತ್ತಾರೆ. ಮಿತಿ ಮೀರಿದರೆ ಒಳಗಿನ ಗೇರುಗಳಿಗೆ ಏನೂ ಆಗದೆ ಅದೊಂದು ತುಂಡಾಗಲಿ ಎಂಬುದು ಉದ್ದೇಶ. ಅದು ಮುರಿಯಿತೆಂದು ದಪ್ಪನೆಯ ಶಾಫ್ಟ್ ಮಾಡಿಸಿ ಹಾಕಬೇಡಿ, ಮುಂದಿನ ಸಲ ಮುರಿಯುವುದು ಎಂಜಿನ್ನಿನ ಗೇರ್. ನಮ್ಮ ಸ್ವಿಚ್ ಪೆಟ್ಟಿಗೆ ಮೊದಲು ಒಂದು ಬ್ಯಾಟರಿಯ 12 ವೋಲ್ಟ್ ಕೊಟ್ಟು ಹಲ್ಲುಗಳ ಸಡಿಲವನ್ನೆಲ್ಲ ಎಳೆದುಕೊಳ್ಳುತ್ತದೆ, ಆಮೇಲೆ ಎರಡನೆಯ ಬ್ಯಾಟರಿಯನ್ನು ಸೇರಿಸುತ್ತದೆ.

ಕ್ಲಚ್ಚಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಾಧ್ಯವಿಲ್ಲ. ಈಚೆಗೆ ಸುಟ್ಟುಹೋಗಿದೆ ಎಂದು ರಿಪೇರಿಗೆ ಬಂದ ಒಂದು ಸ್ಟಾರ್ಟರನ್ನು ಬಿಚ್ಚಿದೆವು. ಎಂಡ್ ಕವರ್ ತೆಗೆದ ಕೂಡಲೇ ಮೇಜಿನ ಮೇಲೆ ಕಾರ್ಬನ್ ಪುಡಿಯೂ ಅದರ ಜೊತೆ ಬೆಳ್ಳಗಿನ ಸಣ್ಣ ಸಣ್ಣ ಗುಂಡುಗಳೂ ಉದುರಿದವು. ಆ ಗುಂಡುಗಳು ಬ್ರಷ್‌ಗಳು ಒರಸುವ ಕಮ್ಯುಟೇಟರಿನಿಂದ ಕರಗಿ ಸಿಡಿದ ಬೆಸುಗೆ. ಆರ್ಮೇಚರಿನ (ಮೋಟಾರಿನ ತಿರುಗುವ ಭಾಗದ) ತುದಿಯ ತಂತಿಗಳು ಹೊರಕ್ಕೆ ಬಿಚ್ಚಿಕೊಂಡು ಸುತ್ತಲಿನ ಫೀಲ್ಡ್ ಕಾಯಿಲನ್ನು ಕೆರೆದಿದ್ದವು, ಕಮ್ಯುಟೇಟರಿನ ಮೂರು ತಾಮ್ರದ ಪಟ್ಟಿಗಳು ಮೇಲೆದ್ದಿದ್ದವು. ಕರೆಂಟು ಹೆಚ್ಚಾಗಿ ಸುಟ್ಟ ಮೋಟಾರ್ ಹೀಗಿರುವುದಿಲ್ಲ. ಎಂಜಿನ್ ಹಿಡಿದುಕೊಂಡ ಮೇಲೆ, ನಡುವೆ ಕ್ಲಚ್ ಇಲ್ಲದ್ದರಿಂದ, ಎಂಜಿನ್ನೇ ಮೋಟಾರನ್ನು ಎಳೆದುಕೊಂಡು ಓಡಿದೆ. ಲಾರಿಯ ಸ್ಟಾರ್ಟರಿನಲ್ಲಿ ಇದನ್ನು ತಪ್ಪಿಸುವ ಸಣ್ಣ ಕ್ಲಚ್ ಪಿನಿಯನ್ನಿನ ಜೊತೆಗೇ ಇರುತ್ತದೆ. ಮೂತಿ ಕತ್ತರಿಸುವಾಗ ಅದೂ ಹೋಗುತ್ತದೆ. ವೇಗ ಎರಡರಷ್ಟಾದರೆ ತಂತಿಗಳನ್ನು ಹೊರಕ್ಕೆ ಎಳೆಯುವ ಬಲ ನಾಲ್ಕರಷ್ಟಾಗುತ್ತದೆ. ಮೋಟಾರಿನ ಕಬ್ಬಿಣದ ಹೊರಕವಚ ಆ ದಿನ ತಡೆದುಕೊಂಡಿತು, ಪಕ್ಕದಲ್ಲಿ ನಿಂತಿದ್ದವರ ಪುಣ್ಯ.

ರಸ್ತೆಯ ವಾಹನಗಳ ಮಾದರಿಯ ಯಂತ್ರಗಳಿಂದ ಜೆಟ್ ಎಂಜಿನ್ ಶುರುಮಾಡುವುದು ಹೊಸದೇನಲ್ಲ. ಎರಡನೆಯ ಮಹಾಯುದ್ಧದ ಕಾಲದ ಜರ್ಮನಿಯ ಯುಮೊ 004 ಎಂಜಿನ್ನಿನ ಮೂತಿಯಲ್ಲಿ ಸುಮಾರು 10 ಅಶ್ವಶಕ್ತಿಯ ರೀಡೆಲ್ ಎಂಬ ಟು-ಸ್ಟ್ರೋಕ್ ಎಂಜಿನ್ ಕೂತಿರುತ್ತಿತ್ತು. ಅಮೆರಿಕದ ಎಸ್‌ಆರ್-71 ವಿಮಾನವನ್ನು ಶುರುಮಾಡುತ್ತಿದ್ದ ಗಾಡಿಯಲ್ಲಿ ಬ್ಯೂಕ್ ಕಾರಿನ ಎರಡು ವಿ-8 ಎಂಜಿನ್‌ಗಳಿದ್ದವು. ಈ ಎಲ್ಲ ಏರ್ಪಾಡುಗಳಲ್ಲೂ ಎಂಜಿನ್ ಹಿಡಿದ ಮೇಲೆ ಸ್ಟಾರ್ಟರ್ ಬಿಟ್ಟುಕೊಳ್ಳುವ ದಾರಿಯನ್ನು ಅಷ್ಟೇ ಶ್ರದ್ಧೆಯಿಂದ ಮಾಡಿದ್ದರು.

ಕೆಲವರು ಹಂಟರ್ ವಿಮಾನದ ಸ್ಟಾರ್ಟರ್ ಮಾಡಿಕೊಡುತ್ತೀರಾ ಎಂದು ಕೇಳಿದ್ದಾರೆ. 1957ರಿಂದ ನಮ್ಮ ವಾಯುಪಡೆಯಲ್ಲಿದ್ದ ಆ ವಿಮಾನದ ಸ್ಟಾರ್ಟರ್ ಐಸೊಪ್ರೊಪೈಲ್ ನೈಟ್ರೇಟಿನಿಂದ ನಡೆಯುತ್ತಿತ್ತು. ಆ ದ್ರವ ಉರಿಯಲು ಹೊರಗಿನ ಗಾಳಿಯೇ ಬೇಕಿಲ್ಲ. ಅದು ಮನೆಯಲ್ಲಿ ಇಡುವ ವಸ್ತುವಲ್ಲ, ದಯವಿಟ್ಟು ಕೇಳಬೇಡಿ. ಹಾಗೆಯೇ ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸಿದ, ಮಾರುತ್ ಮತ್ತು ನ್ಯಾಟ್ ವಿಮಾನಗಳಲ್ಲಿದ್ದ ಆರ್ಫಿಯಸ್‌ನಂತಹ ದೊಡ್ಡ ಎಂಜಿನ್‌ಗಳ ಕೆಲಸವನ್ನು ನಾವು ಒಪ್ಪಿಕೊಳ್ಳುವುದಿಲ್ಲ. ರೋವರ್ 1ಎಸ್/60ನಂತಹ 60 ಅಶ್ವಶಕ್ತಿಯ ಸಣ್ಣ ಟರ್ಬೈನುಗಳೇ ನಮ್ಮ ಮಿತಿ. ಅದು ಸಣ್ಣದೆಂದು ಹಗುರವಾಗಿ ನೋಡಬೇಡಿ, ಅದರ ರೋಟರ್ ನಿಮಿಷಕ್ಕೆ 46,000 ಸುತ್ತು ತಿರುಗುತ್ತದೆ.

ಸೆಟ್ ಕೊಂಡವರಿಗೆ ಕೆಲವು ಮಾತು. ಕೇಬಲ್ಲಿನಲ್ಲಿ ಉಳಿತಾಯ ಮಾಡಬೇಡಿ. 35 ಚದರ ಮಿಲಿಮೀಟರಿನ ತಾಮ್ರದ ವೆಲ್ಡಿಂಗ್ ಕೇಬಲ್ ಹಾಕಿದರೂ ಹೋಗಿಬರುವ ಉದ್ದ 6 ಮೀಟರ್ ಆದರೆ 400 ಆಂಪಿಯರಿಗೆ ಒಂದು ವೋಲ್ಟಿಗಿಂತ ಹೆಚ್ಚು ಕೇಬಲ್ಲಿನಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಬ್ಯಾಟರಿಯನ್ನು ಎಂಜಿನ್ನಿನ ಹತ್ತಿರವೇ ಇಡಿ, ಆದರೆ ಟರ್ಬೈನ್ ಚಕ್ರದ ನೇರಕ್ಕೆ ಬೇಡ. ಆ ನೇರದಲ್ಲಿ ಮನುಷ್ಯರಂತೂ ನಿಲ್ಲಲೇಬಾರದು. ಒಮ್ಮೆ ಬೆಂಕಿ ಹತ್ತದಿದ್ದರೆ ಕೂಡಲೇ ಇನ್ನೊಮ್ಮೆ ಪ್ರಯತ್ನಿಸಬೇಡಿ. ಉರಿಯದ ಸೀಮೆಎಣ್ಣೆ ಒಳಗೆ ನಿಂತಿರುತ್ತದೆ, ಮುಂದಿನ ಸಲ ಅದೆಲ್ಲ ಒಟ್ಟಿಗೆ ಹೊತ್ತಿ ಹಿಂದಿನಿಂದ ಜ್ವಾಲೆ ಹೊರಬರುತ್ತದೆ. ಡ್ರೇನ್ ಬಿಚ್ಚಿ ಬಸಿದು, ಮೋಟಾರ್ ತಣ್ಣಗಾದ ಮೇಲೆ ಇಂಧನವಿಲ್ಲದೆ ಒಮ್ಮೆ ತಿರುಗಿಸಿ, ನಂತರ ಮುಂದುವರಿಯಿರಿ. ಇಂಧನ ನಿಲ್ಲಿಸುವ ಕವಾಟ ಕೈಗೆ ಎಟುಕುವಂತಿದೆಯೇ ಎಂದು ಸ್ಟಾರ್ಟರ್ ಜೋಡಿಸುವ ಮೊದಲೇ ನೋಡಿಕೊಳ್ಳಿ. ಅದರ ಒಂದು ಚಿತ್ರ ನಮಗೆ ಕಳಿಸಿದ ನಂತರವೇ ಸೆಟ್ ಕೊಡುತ್ತೇವೆ.

ಈಗಾಗಲೇ ನಮ್ಮ ಅಡಾಪ್ಟರ್ ಇರುವವರು ಅದನ್ನು ತಂದರೆ ಪರೀಕ್ಷೆ ಉಚಿತ. ಹೊಸ ಸೆಟ್ ಕೊಳ್ಳುವುದಾದರೆ ಹಳೆಯದರ ಪೂರ್ತಿ ಬೆಲೆಯನ್ನು ಕಳೆದುಕೊಡುತ್ತೇವೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳಿಗೇ ಮೊದಲ ಸರದಿ, ರೈತರ ಕಬ್ಬು ಗದ್ದೆಯಲ್ಲಿ ಒಣಗುವಾಗ ಬೇರೆ ಕೆಲಸ ಹಿಡಿಯಲು ಆಗುವುದಿಲ್ಲ. ಆಯುಧಪೂಜೆ ಮತ್ತು ವಿಜಯದಶಮಿಯಂದು ಕಾರ್ಯಾಗಾರ ಮುಚ್ಚಿರುತ್ತದೆ.

ಆರ್ಡರ್ ಕೊಡಲು ಬರುವಾಗ ಸ್ಟಾರ್ಟರ್ ಕೂರುವ ಜಾಗದ ಅಳತೆ, ಸ್ಪ್ಲೈನಿನ ಹಲ್ಲುಗಳ ಸಂಖ್ಯೆ, ಶಾಫ್ಟ್ ತಿರುಗುವ ದಿಕ್ಕು ಇವನ್ನು ಬರೆದು ತನ್ನಿ. ದಿಕ್ಕನ್ನು ಎಂಜಿನ್ನಿನ ಯಾವ ಕಡೆ ನಿಂತು ನೋಡಿದಿರಿ ಎಂಬುದನ್ನೂ ಬರೆಯಿರಿ. ಅದು ತಿರುವುಮುರುವಾದರೆ ಕ್ಲಚ್ ಹಿಡಿಯುವುದೇ ಇಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಕಾರ್ಯಾಗಾರದ ಎಲ್ಲರ ಪರವಾಗಿ