ಹಿನ್ನೀರಿಗೆ ಬೋಟು ಆಮೇಲೆ ಬರಲಿ, ಮೊದಲು ಸೈಕಲ್ ದಾರಿ ಕೊಡಿ

ಮಾನ್ಯ ಸಂಪಾದಕರೇ,

ಆಲಮಟ್ಟಿ ಹಿನ್ನೀರಿನ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಬೋಟು, ರೆಸಾರ್ಟು, ಇನ್ನೊಂದು ಉದ್ಯಾನ ಇಷ್ಟೇ ಕೇಳಿಬರುತ್ತದೆ. ಸೈಕಲ್ ಅಂತ ಯಾರೂ ಬಾಯಿ ಬಿಡುವುದಿಲ್ಲ. ಸೈಕಲ್ ಓಟಕ್ಕೆ ಇಡೀ ರಾಜ್ಯದಲ್ಲಿ ಹೆಸರಾದ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಸೀಮೆ ನಮ್ಮದು. ಆದರೂ ಕೃಷ್ಣೆಯ ದಂಡೆಗುಂಟ ಲಾರಿ, ಬೈಕಿನ ಕಾಟವಿಲ್ಲದೆ ಅರ್ಧ ದಿನ ಆರಾಮಾಗಿ ಸೈಕಲ್ ತುಳಿದುಕೊಂಡು ಹೋಗುವಂಥ ಒಂದು ದಾರಿ ಇಲ್ಲ. ಅಂಥ ದಾರಿ ಬೇಕು. ಅಣೆಕಟ್ಟಿನ ಎತ್ತರ ಹೆಚ್ಚಿಸುವ ಮೊದಲೇ ಅದರ ಗೆರೆ ನಕ್ಷೆಯಲ್ಲಿ ಬೀಳಬೇಕು. ಅದನ್ನು ಕೇಳುವುದಕ್ಕೇ ಈ ಪತ್ರ.

ಇಂಥ ದಾರಿಯನ್ನು ನಾನು ನೋಡಿದ್ದು ಇಂಗ್ಲೆಂಡಿನಲ್ಲಿ, ಮಗಳ ಮನೆಗೆ ಹೋದಾಗ. ಆ ದೇಶದ ನೈಋತ್ಯ ಮೂಲೆಯಲ್ಲಿ ಡೆವನ್ ಎಂಬ ಸೀಮೆ ಇದೆ. ಅದರ ಉತ್ತರ ಭಾಗದಲ್ಲಿ ಟಾ ಮತ್ತು ಟಾರಿಜ್ ಎಂಬ ಎರಡು ನದಿಗಳು ಕೂಡಿ ಸಮುದ್ರ ಸೇರುತ್ತವೆ. ಆ ಅಳಿವೆಯ ಅಂಚಿನಲ್ಲೇ ಹೋಗುವ ಸೈಕಲ್ ದಾರಿಯ ಹೆಸರು ಟಾರ್ಕಾ ಟ್ರೇಲ್. ಬ್ರಾಂಟನ್ ಊರಿನಿಂದ ಮೀತ್ ಎಂಬ ಹಳ್ಳಿಯವರೆಗೆ ಸುಮಾರು 48 ಕಿಲೋಮೀಟರ್. ಬಹುತೇಕ ಪೂರ್ತಿ ಮೋಟಾರು ವಾಹನಗಳಿಗೆ ಪ್ರವೇಶ ಇಲ್ಲ. ನಡೆಯುವವರು, ಸೈಕಲ್‌ನವರು, ನಾಯಿ ಹಿಡಿದುಕೊಂಡು ಬಂದವರು, ಗಾಲಿಕುರ್ಚಿಯವರು ಎಲ್ಲರೂ ಒಂದೇ ದಾರಿಯಲ್ಲಿ.

ಅದು ಹೊಸದಾಗಿ ಕಡಿದ ರಸ್ತೆಯಲ್ಲ, ಹಳೇ ರೈಲು ದಾರಿ. ಬಿಡ್‌ಫರ್ಡ್ ಮತ್ತು ಟಾರಿಂಗ್ಟನ್ ಕಡೆಗೆ ಪ್ರಯಾಣಿಕರ ರೈಲು 1965ರಲ್ಲಿ ನಿಂತಿತು. ಆ ಮೇಲೆ ಜೇಡಿಮಣ್ಣು ಹೊರುವ ಗೂಡ್ಸ್ ಗಾಡಿ 1982ರವರೆಗೆ ಓಡಿತು. ಅದೂ ನಿಂತಾಗ ಹಳಿ ಕಿತ್ತರು. ಆದರೆ ನೆಲ ತುಂಡು ತುಂಡಾಗಿ ಹಂಚಿಹೋಗಲು ಬಿಡಲಿಲ್ಲ. 1992ರಲ್ಲಿ ಅದೇ ನೆಲದ ಮೇಲೆ ಸೈಕಲ್ ದಾರಿ ಶುರುವಾಯಿತು. ರೈಲು ದಾರಿ ಆಗಿದ್ದೇ ಒಳ್ಳೆಯದಾಯಿತು ಅನ್ನಬೇಕು. ಉಗಿ ಇಂಜಿನ್‌ಗೆ ಕಡಿದಾದ ಏರು ಆಗುವುದಿಲ್ಲ. ಅದಕ್ಕಾಗಿ ಗುಡ್ಡ ಕಡಿದು, ತಗ್ಗು ತುಂಬಿ ಸಪಾಟು ಮಾಡಿರುತ್ತಾರೆ. ಮಂಡಿ ನೋವಿನ ನನ್ನಂಥವನೂ ಎಲ್ಲೂ ಇಳಿದು ತಳ್ಳದೆ ಹೋಗಬಹುದಿತ್ತು.

ಬಾರ್ನ್‌ಸ್ಟೇಪಲ್ ಪಟ್ಟಣಕ್ಕೆ ಈಗಲೂ ರೈಲು ಬರುತ್ತದೆ. ಅಲ್ಲೇ ಬಾಡಿಗೆ ಸೈಕಲ್ ಸಿಗುತ್ತದೆ. ಸ್ವಲ್ಪ ದೂರಕ್ಕೆ ಫ್ರೆಮಿಂಗ್ಟನ್, ಹಿಂದೆ ಹಡಗು ತುಂಬುತ್ತಿದ್ದ ಜಾಗ, ಈಗ ಚಹಾ ಕುಡಿಯುವ ಜಾಗ. ಇನ್‌ಸ್ಟೋ ಊರಿನಲ್ಲಿ ಹಳೇ ಸಿಗ್ನಲ್ ಕೋಣೆಯನ್ನು ಹಾಗೇ ಉಳಿಸಿದ್ದಾರೆ. ಬಿಡ್‌ಫರ್ಡ್ ನಿಲ್ದಾಣದಲ್ಲಿ ರೈಲು ಬೋಗಿ ನಿಂತಿದೆ, ಎದುರಿಗೆ ನದಿಯ ಮೇಲೆ 24 ಕಮಾನಿನ ಹಳೇ ಸೇತುವೆ. ಕಮಾನುಗಳ ಅಗಲ ಒಂದರದ್ದು ಒಂದಕ್ಕಿಲ್ಲ. ಯಾವುದೂ ತಾಜ್ ಮಹಲ್ ಅಲ್ಲ ಬಿಡಿ. ಆದರೆ ಐದಾರು ಕಿಲೋಮೀಟರಿಗೊಮ್ಮೆ ಕೂರಲು, ತಿನ್ನಲು, ಮೂತ್ರಕ್ಕೆ ಹೋಗಲು ಏನಾದರೊಂದು ಇದೆ. ಜನ ಬರುವುದು ಅದಕ್ಕೇ.

ನನಗೆ ಹಿಡಿಸಿದ್ದು ನೀರಿನ ಆಟ. ಅಲ್ಲಿ ಉಬ್ಬರ ಇಳಿತ ದಿನಕ್ಕೆ ಎರಡು ಸಲ. ಬೆಳಿಗ್ಗೆ ತುಂಬಿದ್ದ ಅಳಿವೆ ಮಧ್ಯಾಹ್ನದ ಹೊತ್ತಿಗೆ ಕೆಸರು ಬಯಲು, ಬಯಲ ತುಂಬ ಹುಳ ಹೆಕ್ಕುವ ಹಕ್ಕಿಗಳು. ನಮ್ಮ ಮೂರೂ ಜಿಲ್ಲೆಗೆ ಸಮುದ್ರ ಇಲ್ಲ, ಅಳಿವೆ ನೋಡಬೇಕಾದರೆ ಕಾರವಾರದ ಕಾಳಿ ನದಿಗೋ ಹೊನ್ನಾವರದ ಶರಾವತಿಗೋ ಹೋಗಬೇಕು. ಆದರೆ ಹಿನ್ನೀರೂ ಹಾಗೇ ಏರಿ ಇಳಿಯುತ್ತದೆ, ವರ್ಷಕ್ಕೊಂದೇ ಸಲ ಅಷ್ಟೇ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ದಂಡೆ ಮುಟ್ಟುತ್ತದೆ, ಬೇಸಿಗೆ ಹೊತ್ತಿಗೆ ಎಲ್ಲೋ ದೂರ ಸರಿದಿರುತ್ತದೆ. ನಡುವಿನ ಚಳಿಗಾಲದಲ್ಲಿ ತೆಳು ನೀರಿನ ಕಡೆ ಫ್ಲೆಮಿಂಗೊ ಇಳಿಯುತ್ತವೆ. ಅವನ್ನು ನೋಡಲು ಬೆಂಗಳೂರಿನಿಂದ ಕ್ಯಾಮೆರಾ ಹೊತ್ತು ಬರುತ್ತಾರೆ. ನವನಗರದ ನಾವು ಮೊಬೈಲಿನಲ್ಲಿ ನೋಡುತ್ತೇವೆ.

ಯಾಕೆ ಅಂದರೆ ಅಲ್ಲಿಗೆ ಹೋಗುವ ದಾರಿ ಹಾಗಿದೆ. ಚಳಿಗಾಲ ಸೈಕಲ್ ಹೊಡೆಯಲು ಹೇಳಿ ಮಾಡಿಸಿದ ಕಾಲ, ಕಬ್ಬು ನುರಿಸುವ ಕಾಲವೂ ಅದೇ. ಬೀಳಗಿ, ಮುಧೋಳ, ಜಮಖಂಡಿ ಕಡೆಯ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು, ರಸ್ತೆಯ ಮುಕ್ಕಾಲು ಅಗಲಕ್ಕೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ, ಮುಂದೆ ಡಿಜೆ ಹಾಡು. ಪಕ್ಕದಲ್ಲಿ ಸೈಕಲ್ ಇದೆ ಅಂತ ಆ ಹುಡುಗನಿಗೆ ಗೊತ್ತಾಗುವುದಾದರೂ ಹೇಗೆ? ಪದಕ ತರುವ ನಮ್ಮ ಓಟಗಾರ ಮಕ್ಕಳು ನಸುಕಿನಲ್ಲಿ ತಾಲೀಮು ಮಾಡುವುದೂ ಇಂಥ ರಸ್ತೆಗಳ ಮೇಲೆಯೇ. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ವರ್ಷಗಟ್ಟಲೆ ಸೈಕಲ್ ಹಂಚಿತು. ಎಲ್ಲಿ ತುಳಿಯಬೇಕು ಅನ್ನುವುದನ್ನು ಮಾತ್ರ ಯಾರೂ ವಿಚಾರ ಮಾಡಲಿಲ್ಲ.

ನಮ್ಮ ಗದಗ–ಹೋಟಗಿ ರೈಲು ಮುಚ್ಚಿಲ್ಲ, ಮುಚ್ಚುವುದೂ ಬೇಡ. ಆದರೆ ರೈಲು ದಾರಿಯಷ್ಟೇ ಸಪಾಟಾದ ಇನ್ನೊಂದು ದಾರಿ ನಮ್ಮಲ್ಲಿದೆ, ಕೆನಾಲ್ ದಂಡೆ. ಕಾಲುವೆಯಲ್ಲಿ ನೀರು ತಾನಾಗಿ ಹರಿಯಬೇಕು, ಆದರೆ ದಂಡೆ ಕೊರೆಯುವಷ್ಟು ಜೋರಾಗಿ ಹರಿಯಬಾರದು. ಅದಕ್ಕೆ ದೊಡ್ಡ ಕಾಲುವೆಗೆ ಕಿಲೋಮೀಟರಿಗೆ ಹತ್ತಿಪ್ಪತ್ತು ಸೆಂಟಿಮೀಟರ್ ಇಳಿಜಾರು ಕೊಟ್ಟಿರುತ್ತಾರೆ. ಕಾಲುವೆ ನೋಡಿಕೊಳ್ಳಲು ಪಕ್ಕದಲ್ಲೇ ಇಲಾಖೆಯ ಜೀಪು ದಾರಿಯೂ ಇರುತ್ತದೆ. ಜಮೀನು ಸರ್ಕಾರದ್ದೇ. ಹೊಸದಾಗಿ ಭೂಸ್ವಾಧೀನ ಬೇಕಿಲ್ಲ.

ಮೊದಲ ದಾರಿ ಯಾವುದಾಗಬೇಕು ಎಂದು ಕೇಳಿದರೆ ನಾನು ಆಲಮಟ್ಟಿಯಿಂದ ಕೂಡಲಸಂಗಮ ಅನ್ನುತ್ತೇನೆ. ದೂರ ಹದಿನೈದು ಕಿಲೋಮೀಟರ್ ಆಸುಪಾಸು. ಒಂದು ತುದಿಯಲ್ಲಿ ರೈಲು ನಿಲ್ದಾಣ ಮತ್ತು ಅಣೆಕಟ್ಟು, ಇನ್ನೊಂದು ತುದಿಯಲ್ಲಿ ಮಲಪ್ರಭೆ ಕೃಷ್ಣೆಗೆ ಸೇರುವ ಜಾಗ ಮತ್ತು ಬಸವಣ್ಣನವರ ಐಕ್ಯ ಮಂಟಪ. ಬಲದಂಡೆ ಕಾಲುವೆಯೂ ಹುನಗುಂದ ತಾಲ್ಲೂಕಿನ ಕಡೆಗೇ ಹೋಗುತ್ತದೆ. ಈಗ ಆಲಮಟ್ಟಿಗೆ ಬರುವವರು ರಾಕ್ ಗಾರ್ಡನ್ ನೋಡಿ, ಸಂಗೀತ ಕಾರಂಜಿ ನೋಡಿ ಬಸ್ಸು ಹತ್ತುತ್ತಾರೆ. ಸೈಕಲ್ ಸಿಕ್ಕರೆ ಅವರು ಒಂದು ರಾತ್ರಿ ಉಳಿಯುತ್ತಾರೆ, ನಡುವಿನ ಹಳ್ಳಿಗಳಲ್ಲಿ ರೊಟ್ಟಿ ಊಟ ಮಾಡುತ್ತಾರೆ. ಎರಡನೆಯದು ಅಣೆಕಟ್ಟಿನ ಮೇಲ್ಭಾಗದಲ್ಲಿ, ಹಿನ್ನೀರಿನ ಅಂಚಿಗೆ ಕೊಲ್ಹಾರದ ಕಡೆಗೆ. ಗಡಿಗೆ ಬೋರಲು ಹಾಕಿದರೂ ಬೀಳದ ಕೊಲ್ಹಾರದ ಮೊಸರು ಇರುವಾಗ ಡೆವನ್‌ನವರ ಚಹಾ ಅಂಗಡಿ ಏನು ಮಹಾ! ಬೆಳಗಾವಿ ಕಡೆಯವರು ಬೇಜಾರು ಮಾಡಿಕೊಳ್ಳಬೇಡಿ. ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆ ಇದೆ, ಪಕ್ಕದಲ್ಲೇ ಪಕ್ಷಿಧಾಮ, ಹತ್ತಿರದಲ್ಲಿ ಗೋಕಾಕ ಫಾಲ್ಸ್. ಅಲ್ಲಿನವರು ಅದನ್ನು ಕೇಳಲಿ.

ರೈತರಿಗೆ ತೊಂದರೆ ಆಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ, ಬರಲೇಬೇಕು. ಕೆನಾಲ್ ದಂಡೆಯ ಮೇಲೆ ಹೊಲಕ್ಕೆ ಹೋಗುವವರ ಎತ್ತಿನ ಬಂಡಿ, ಎಮ್ಮೆ, ಬುತ್ತಿ ಹೊತ್ತ ಹೆಣ್ಣುಮಕ್ಕಳು ಎಲ್ಲರೂ ಇರಲಿ. ಆ ಹೊಲದವರ ಟ್ರ್ಯಾಕ್ಟರ್‌ಗೂ ಗೇಟಿನ ಕೀಲಿ ಕೊಡಿ. ತಡೆಯಬೇಕಾದದ್ದು ಹೆದ್ದಾರಿ ತಪ್ಪಿಸಿ ಅಡ್ಡದಾರಿ ಹಿಡಿಯುವ ಮರಳು ಲಾರಿ, ಟಿಪ್ಪರ್‌ಗಳನ್ನು. ದಂಡೆ ಕೆಡುವುದು ಅವುಗಳಿಂದಲೇ, ಅಲ್ವಾ? ಅವು ನಿಂತರೆ ನೀರಾವರಿ ಇಲಾಖೆಗೂ ರಿಪೇರಿ ಖರ್ಚು ಉಳಿಯುತ್ತದೆ.

ಕೆಲಸ ಮಾಡುವಾಗ ನೆಲ ನೋಡಿ ಮಾಡಬೇಕು. ನಮ್ಮದು ಎರೆಮಣ್ಣು. ಒಂದು ಮಳೆಗೆ ಸೈಕಲ್ಲಿನ ಮಡ್‌ಗಾರ್ಡ್ ಒಳಗೆ ಮುದ್ದೆಯಾಗಿ ಕೂತು ಗಾಲಿ ತಿರುಗುವುದೇ ಇಲ್ಲ. ಗರಸು ಹಾಕಿ ರೋಲರ್ ಹೊಡೆದರೆ ಸಾಕು, ಕಾಂಕ್ರೀಟ್ ಬೇಡವೇ ಬೇಡ. ಕಾಂಕ್ರೀಟ್ ಆದ ಮರುದಿನವೇ ಕಾರು ಬರುತ್ತದೆ. ಜಾಲಿ ಕಂಟಿ ಬೇರು ಸಮೇತ ತೆಗೆಯಬೇಕು, ಇಲ್ಲದಿದ್ದರೆ ಪಂಕ್ಚರ್ ಅಂಗಡಿಯವರಿಗೆ ಮಾತ್ರ ಲಾಭ. ಆ ಜಾಗಕ್ಕೆ ಬೇವು, ಹೊಂಗೆ ಹಚ್ಚಬೇಕು. ನೀರು ಆಳವಿರುವ ಕಡೆ, ತಿರುವುಗಳ ಕಡೆ ತಡೆಗೋಡೆ ಕಡ್ಡಾಯ. ಕಾಲುವೆಗೆ ಬಿದ್ದು ಸತ್ತವರ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಓದಿಲ್ಲ? ಈ ಒಂದು ವಿಷಯದಲ್ಲಿ ಜುಗ್ಗತನ ಬೇಡ.

ಇನ್ನು ಅವಸರ ಯಾಕೆ ಅನ್ನುವುದು. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವುದು 519.60 ಮೀಟರ್‌ವರೆಗೆ. 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದ್ದು 524.256 ಮೀಟರ್. ಅಂದರೆ ನೀರಿನ ಅಂಚು ಇನ್ನೂ ನಾಲ್ಕೂವರೆ ಮೀಟರಿಗಿಂತ ಜಾಸ್ತಿ ಮೇಲೆ ಬರಲಿದೆ. ಇವತ್ತು ದಂಡೆಗೆ ಮಾಡಿದ ದಾರಿ ನಾಳೆ ನೀರೊಳಗೆ. ಮುಳುಗಿದ ಊರುಗಳ ಹಳೇ ರಸ್ತೆಗಳು ಹಿನ್ನೀರಿಗೆ ಇಳಿದು ಮಾಯವಾಗುವುದನ್ನು ಬಾಗಲಕೋಟೆಯವರಿಗೆ ಹೇಳಿಕೊಡಬೇಕಿಲ್ಲ. ಮನೆ ಮಠ ಕಳೆದುಕೊಳ್ಳುವವರ ಪರಿಹಾರಕ್ಕಿಂತ ಸೈಕಲ್ ದೊಡ್ಡದು ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯವರೂ ಮುಳುಗಡೆ ಕಂಡವರೇ. ಆದರೆ ಹೊಸ ಊರು ಬಂದರೆ ಹೊಸ ರಸ್ತೆಗಳೂ ಬರುತ್ತವೆ, ಅವುಗಳ ನಕ್ಷೆಯನ್ನು ಯಾರೋ ಹಾಕಿಯೇ ಹಾಕುತ್ತಾರೆ. ಹೊಸ ನೀರಿನ ಗೆರೆಗಿಂತ ಮೇಲೆ ಮೂರು ಮೀಟರ್ ಅಗಲದ ಪಟ್ಟಿಯೊಂದನ್ನು ಆಗಲೇ ಗುರುತು ಹಾಕಿಡುವುದಕ್ಕೆ ಜಾಸ್ತಿ ಖರ್ಚಿಲ್ಲ. ಎಲ್ಲ ಕಟ್ಟಿ ಮುಗಿದ ಮೇಲೆ ಕೇಳಿದರೆ ಜಾಗ ಇಲ್ಲ ಅನ್ನುತ್ತಾರೆ.

ಬಾಗಲಕೋಟೆ ಮತ್ತು ವಿಜಯಪುರದ ಜಿಲ್ಲಾಧಿಕಾರಿಗಳು ನೀರಾವರಿ, ಪ್ರವಾಸೋದ್ಯಮ, ಅರಣ್ಯ ಇಲಾಖೆಯವರನ್ನು ಒಂದು ದಿನ ಒಟ್ಟಿಗೆ ಕರೆಯಲಿ. ಆಲಮಟ್ಟಿ–ಕೂಡಲಸಂಗಮದ ದಂಡೆಯನ್ನು ಜೀಪಿನಲ್ಲಲ್ಲ, ಸೈಕಲ್ ಮೇಲೆ ನೋಡಲಿ. ಎಲ್ಲಿ ಗೇಟು ಬೇಕು, ಎಲ್ಲಿ ನೆರಳು ಬೇಕು, ಎಲ್ಲಿ ಹಳ್ಳ ದಾಟಲು ಕಿರುಸೇತುವೆ ಬೇಕು ಅಂತ ಅಲ್ಲೇ ಗೊತ್ತಾಗುತ್ತದೆ. ಚಳಿಗಾಲದೊಳಗೆ ಹೋದರೆ ಒಳ್ಳೆಯದು.

ಇಂತಿ,
ನಿಮ್ಮ ಓದುಗ
ನವನಗರ, ಬಾಗಲಕೋಟೆ