ಮಂಗಳೂರಿಗೆ ಕಳಿಸುವ ಮೊದಲು: ಪಿಜಿಗೆ ಸೇರಿದ ಗೆಳೆಯನಿಗೊಂದು ಪತ್ರ

ಪ್ರಿಯ ಸುಬ್ರಹ್ಮಣ್ಯ,

ನಿನ್ನ ಮೆಸೇಜು ನೋಡಿದೆ. ಎಂಎಸ್ ಒಬಿಜಿಗೆ, ಅಂದರೆ ಪ್ರಸೂತಿ-ಸ್ತ್ರೀರೋಗದ ಪಿಜಿಗೆ, ಸೇರಿ ಇಷ್ಟು ಸಮಯವಾದರೂ ಸಿಸೇರಿಯನ್ನಿಗೆ ಕೈಹಾಕಲು ಬಿಡುತ್ತಿಲ್ಲ, ಸೀನಿಯರುಗಳು ಥಿಯೇಟರಿನಲ್ಲಿ, ನೀನು ಮಾತ್ರ ಲೇಬರ್ ರೂಮಿನಲ್ಲಿ ಬಿಪಿ ನೋಡುತ್ತ, ಕೇಸ್ ಶೀಟು ಬರೆಯುತ್ತ ಕೂತಿದ್ದೀ ಎಂದು ಬೇಜಾರು ಮಾಡಿಕೊಂಡಿದ್ದೀ. ನಿನ್ನ ಬೇಜಾರು ನ್ಯಾಯವೇ. ಎರಡನೇ ವರ್ಷಕ್ಕೂ ಹೀಗೇ ಆದರೆ ಲಾಗ್‌ಬುಕ್ ಹಿಡಿದುಕೊಂಡು ಹೋಗಿ ಯೂನಿಟ್ ಮುಖ್ಯಸ್ಥರ ಹತ್ತಿರ ನೇರವಾಗಿ ಮಾತಾಡು. ಆದರೆ ನೀನು ಓದು ಮುಗಿಸಿ ಕಾಸರಗೋಡಿನ ಬದಿಯಡ್ಕದ ಕಡೆಗೇ ಬರುತ್ತೇನೆ ಎಂದವನು. ಇಲ್ಲಿಗೆ ಬೇಕಾದ ವಿದ್ಯೆಯ ಮುಕ್ಕಾಲು ಪಾಲು ಆ ಲೇಬರ್ ರೂಮಿನಲ್ಲೇ ಉಂಟು ಮಾರಾಯ.

ನಮ್ಮ ಊರಿನ ಸಂಗತಿ ನಿನಗೆ ಹೊಸತಲ್ಲ. ಸ್ವಲ್ಪ ಗಂಭೀರವಾದರೆ ಮಂಗಳೂರು ಎನ್ನುವುದು ನಮ್ಮ ಅಜ್ಜಿಯಂದಿರ ಕಾಲದಿಂದ ಬಂದ ರೂಢಿ. ಕಾಸರಗೋಡು ಪೇಟೆಯಿಂದಲೇ ಸುಮಾರು 50 ಕಿಲೋಮೀಟರ್. ಮುಳ್ಳೇರಿಯಾ, ದೇಲಂಪಾಡಿ ಕಡೆಯವರಿಗೆ ಆ ಲೆಕ್ಕವೇ ಬೇರೆ. 2020ರ ಲಾಕ್‌ಡೌನಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಗಾಡಿ ತಡೆದಾಗ ಆ ರೂಢಿಯನ್ನೇ ನಂಬಿ ಕೂತ ಜಿಲ್ಲೆಯ ಗತಿ ಏನಾಗುತ್ತದೆ ಎಂದು ನಾವೆಲ್ಲ ನೋಡಿದೆವು. 2018–20ರ ಸರಕಾರಿ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ದೇಶದಲ್ಲಿ 97 ತಾಯಂದಿರು ತೀರಿಕೊಂಡರೆ ಕೇರಳದಲ್ಲಿ 19. ಹೆಮ್ಮೆಯ ಮಾತೇ. ಆದರೆ ಗುಡ್ಡದ ಮೇಲಿನ ಮನೆಯಿಂದ ನಡುರಾತ್ರಿ ಹೊರಟ ಜೀಪು ಆ ಸರಾಸರಿಯಿಂದ ಬೇಗ ತಲುಪುವುದಿಲ್ಲ.

ಹಾಗಾಗಿ ನಮ್ಮಲ್ಲಿ ಪ್ರಸೂತಿ ತಜ್ಞರು ಅನ್ನಿಸಿಕೊಳ್ಳುವವರಿಗೆ ಬೇಕಾದ ಮೊದಲ ಜಾಣ್ಮೆ ಯಾರನ್ನು, ಯಾವಾಗ, ಯಾವ ಸ್ಥಿತಿಯಲ್ಲಿ ಮುಂದಕ್ಕೆ ಕಳಿಸಬೇಕು ಎಂಬುದು. ಅದನ್ನು ಯಾವ ಥಿಯರಿ ಕ್ಲಾಸಿನಲ್ಲೂ ಕಲಿಸುವುದಿಲ್ಲ.

ಹೆರಿಗೆಯ ನಂತರದ ರಕ್ತಸ್ರಾವವನ್ನೇ (ಪಿಪಿಎಚ್) ತಗೋ. ದಿನ ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯದಿದ್ದರೆ ನಿನ್ನ ಕೈಯಲ್ಲಿರುವುದು ನಿಮಿಷಗಳು. ಬಾಣಂತಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡು, ಚೆನ್ನಾಗಿ ಬಿಗಿದ ಗರ್ಭಕೋಶ ಸುಲಿದ ತೆಂಗಿನಕಾಯಿಯಷ್ಟು ಗಟ್ಟಿ ಸಿಗುತ್ತದೆ. ಈಗ ನಿನಗೆ ಲೇಬರ್ ರೂಮಿನಲ್ಲಿ ಬೇಕಾದಷ್ಟು ಹೊತ್ತು ಉಂಟಲ್ಲ, ಒಬ್ಬೊಬ್ಬರ ಹೊಟ್ಟೆಯನ್ನೂ ಮತ್ತೆ ಮತ್ತೆ ಮುಟ್ಟಿ ಆ ಗಟ್ಟಿತನವನ್ನು ಕೈಗೆ ಕಲಿಸು. ಅದು ಗೊತ್ತಿದ್ದ ಕೈಗೆ ಸಡಿಲಾದದ್ದು ತಕ್ಷಣ ತಿಳಿಯುತ್ತದೆ. ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆಯಬೇಡ, ಅದು ಹೆಚ್ಚಾಗಿ ಕಡಿಮೆಯೇ ಕಾಣುವುದು. ನೆನೆದ ಬಟ್ಟೆಯನ್ನು ತೂಕಕ್ಕಿಡು, ಒಣ ಬಟ್ಟೆಯ ತೂಕ ಕಳೆ. ಒಂದು ಗ್ರಾಮಿಗೆ ಹೆಚ್ಚುಕಡಿಮೆ ಒಂದು ಮಿಲಿ. ಬೆನ್ನಿನಡಿ ಕೈಹಾಕಿ ನೋಡುವುದನ್ನು ಮರೆಯಬೇಡ, ಅಲ್ಲಿ ಮಡುಗಟ್ಟಿದ್ದು ಎದುರಿಗೆ ಕಾಣುವುದಿಲ್ಲ.

ಒಮ್ಮೆ ರಾತ್ರಿ ಡ್ಯೂಟಿಯಲ್ಲಿ ನಮ್ಮಲ್ಲಿಗೆ ಒಬ್ಬ ಬಾಣಂತಿ ಬಂದಳು. ಕಳಿಸಿದವರ ಚೀಟಿಯಲ್ಲಿ ಇದ್ದದ್ದು ‘ಪಿಪಿಎಚ್, ರೆಫರ್ಡ್’ ಅಷ್ಟೆ. ಎಷ್ಟು ಹೊತ್ತಿಗೆ ಹೆರಿಗೆ, ಮಾಸು ಪೂರ್ತಿ ಬಂತಾ, ಗರ್ಭಕೋಶ ಬಿಗಿಸುವ ಆಕ್ಸಿಟೋಸಿನ್ ಎಷ್ಟು ಕೊಟ್ಟರು, ಒಂದೂ ಇಲ್ಲ. ಕೈಯಲ್ಲಿ ಒಂದೇ ಒಂದು ಸಣ್ಣ ಸೂಜಿ, ಅದೂ ಬ್ಲಾಕ್. ಜೊತೆಗಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಆಕೆ ಉಳಿದಳು, ಮಗುವಿನ ಜೊತೆ ಮನೆಗೂ ಹೋದಳು. ಆದರೆ ಆ ಚೀಟಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಎರಡು ದಪ್ಪ ಕ್ಯಾನುಲಾ ಹಾಕಿ, ಆಕ್ಸಿಟೋಸಿನ್ ಡ್ರಿಪ್ ಹಚ್ಚಿ, ಹೆರಿಗೆಯಾಗಿ ಮೂರು ಗಂಟೆಯೊಳಗೆ ರಕ್ತ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಒಂದು ಗ್ರಾಂ ಕೊಟ್ಟು, ರಕ್ತ ನಿಲ್ಲದಿದ್ದರೆ ಗರ್ಭಕೋಶದ ಒಳಗೆ ಒತ್ತಿ ಹಿಡಿಯುವ ಬಲೂನು ಹಾಕಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂರುವ ಒಬ್ಬ ಸಿಸ್ಟರನ್ನು ಆಂಬುಲೆನ್ಸಿಗೆ ಹತ್ತಿಸಿ, ಆ ಕಡೆಯವರಿಗೆ ಫೋನು ಮಾಡಿ ಕಳಿಸಿದರೆ ಅದು ರೆಫರಲ್. ಬಲೂನಿಗೆ ದುಡ್ಡಿಲ್ಲ ಎನ್ನುವ ಹಾಗೂ ಇಲ್ಲ. ಢಾಕಾದ ಡಾ. ಸಾಯೆಬಾ ಅಖ್ತರ್ ಕ್ಯಾಥೆಟರಿಗೆ ಕಾಂಡೋಮ್ ಕಟ್ಟಿ ಸಲೈನ್ ತುಂಬುವ ಉಪಾಯವನ್ನು 2003ರಲ್ಲೇ ಪ್ರಕಟಿಸಿದ್ದಾರೆ. ಅದನ್ನು ಕಟ್ಟುವುದನ್ನು ನೈಟ್ ಡ್ಯೂಟಿಯಲ್ಲಿ ಕೂತು ರೂಢಿ ಮಾಡಿಕೋ.

ಬಸಿರಿನಲ್ಲಿ ಬಿಪಿ ಏರಿ ಫಿಟ್ಸ್‌ವರೆಗೆ ಹೋಗುವ ನಂಜಿನ ಕೇಸುಗಳಲ್ಲೂ ಹೀಗೆಯೇ. ಫಿಟ್ಸ್ ಬಂದವಳಿಗೆ ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಡೋಸು ಕೊಡದೆ ಗಾಡಿ ಹತ್ತಿಸಬಾರದು. ಮದ್ದು ಮೈಯಲ್ಲಿ ಹೆಚ್ಚಾಗಿಲ್ಲ ಎಂದು ತಿಳಿಯಲು ಮುಂದಿನ ಪ್ರತಿ ಡೋಸಿಗೂ ಮೊದಲು ಮೊಣಕಾಲಿಗೆ ಸುತ್ತಿಗೆ ತಟ್ಟಿ ನೋಡು, ಉಸಿರು ಎಣಿಸು, ಮೂತ್ರ ಎಷ್ಟು ಬಂತು ನೋಡು. ಅದು ಹೆಚ್ಚಾದರೆ ಕೊಡುವ ಕ್ಯಾಲ್ಸಿಯಂ ಗ್ಲುಕೋನೇಟ್ ಟ್ರೇಯಲ್ಲೇ ಇರಲಿ.

‘ಗಂಡು ಡಾಕ್ಟ್ರು ಬೇಡ’ ಎಂದು ಒಂದು ಮನೆಯವರು ಹೇಳಿದ್ದನ್ನು ತುಂಬ ಹಚ್ಚಿಕೊಂಡಿದ್ದೀ. ಬೇಡ ಎನ್ನುವ ಹಕ್ಕು ಆ ಹೆಂಗಸಿಗೆ ಉಂಟು, ಅದನ್ನು ಮನ್ನಿಸು. ಉಳಿದಂತೆ, ಪ್ರತಿ ಸಲ ಕೇಳಿಯೇ ಮುಟ್ಟು, ಸಿಸ್ಟರ್ ಪಕ್ಕದಲ್ಲಿರಲಿ, ಬೇಕಾದಷ್ಟೇ ಹೊದಿಕೆ ಸರಿಸು, ಏನು ಮಾಡುತ್ತಿದ್ದೀ ಎಂದು ಹೇಳುತ್ತಿರು. ತುಳುವಿನಲ್ಲೋ ಮಲಯಾಳದಲ್ಲೋ ಬ್ಯಾರಿಯಲ್ಲೋ ಮಾತಾಡಬಲ್ಲ ನಮ್ಮೂರಿನವನಿಗೆ ಅದು ಕಷ್ಟವಲ್ಲ. ನೋವಿನಲ್ಲಿರುವವಳು ತನ್ನನ್ನು ಬಿಟ್ಟುಹೋಗದ ಡಾಕ್ಟರನ್ನು ಹುಡುಕುತ್ತಿರುತ್ತಾಳೆ. ಸೀನಿಯರನ್ನು ನಿದ್ದೆಯಿಂದ ಎಬ್ಬಿಸಲು ಕೂಡ ಹಿಂಜರಿಯಬೇಡ. ಬೈದರೆ ಬೈಸಿಕೋ.

ಮುಂದೆ ಬರುವ, ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕಾದ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ ದಂಡ ಎಂದು ನಿನ್ನ ಬ್ಯಾಚಿನವರು ಹೇಳುತ್ತಿದ್ದಾರಂತೆ. ನನಗೆ ಹಾಗನ್ನಿಸುವುದಿಲ್ಲ. ಎಲ್ಲ ವಿಭಾಗದವರೂ ಕೂಗಳತೆಯಲ್ಲಿ ಇಲ್ಲದ ಜಾಗದಲ್ಲಿ ಒಂದು ಕೇಸನ್ನು ಹೇಗೆ ನಿಭಾಯಿಸುತ್ತಾರೆ ಎಂದು ನೋಡಲು ಓದಿನ ಅವಧಿಯಲ್ಲಿ ನಿನಗೆ ಸಿಗುವುದು ಅದೊಂದೇ ಅವಕಾಶ.

ಥೀಸಿಸ್ ವಿಷಯ ಇನ್ನೂ ಗಟ್ಟಿಯಾಗಿಲ್ಲ ಎಂದೆಯಲ್ಲ, ನನ್ನದೊಂದು ಸಲಹೆ. ನಿಮ್ಮಲ್ಲಿಗೆ ಹೊರಗಿನಿಂದ ರೆಫರ್ ಆಗಿ ಬರುವ ರಕ್ತಸ್ರಾವದ ಕೇಸುಗಳನ್ನೇ ತಗೋ: ಹೊರಡುವ ಮುಂಚೆ ಅವರಿಗೆ ಏನೇನು ಕೊಟ್ಟಿದ್ದರು, ದಾರಿಯಲ್ಲಿ ಎಷ್ಟು ಹೊತ್ತು ಹೋಯಿತು, ಪತ್ರದಲ್ಲಿ ಏನು ಬರೆದಿತ್ತು. ಕೇರಳದ ಪ್ರಸೂತಿ ತಜ್ಞರ ಒಕ್ಕೂಟ ಕೆಎಫ್‌ಒಜಿ 2004ರಿಂದ ತಾಯಂದಿರ ಸಾವುಗಳನ್ನು ಹೆಸರೆತ್ತದೆ, ಯಾರನ್ನೂ ದೂರದೆ ಪರಿಶೀಲಿಸುತ್ತ ಬಂದಿದೆ. ಆ ವರದಿಗಳನ್ನು ಮೊದಲು ಓದು, ದಾರಿ ತಿಳಿಯುತ್ತದೆ. ನಿನ್ನ ಗೈಡ್ ಒಪ್ಪಿದರೆ ಕೂಡಲೇ ತಿಳಿಸು, ನಾವು ಇಲ್ಲಿ ಬಳಸುವ ರೆಫರಲ್ ಫಾರ್ಮಿನ ಪ್ರತಿ ಕಳಿಸುತ್ತೇನೆ. ಅದರಲ್ಲಿ ಏನು ಕಮ್ಮಿಯಾಗಿದೆ ಎಂದು ನೀನೇ ಹೇಳಬೇಕು.

ನಿನ್ನ,
ವಿದ್ಯಾ